ಅಜ್ಜಿ ಯುದ್ಧಕಾಲದಲ್ಲಿ ಮಾಡಿದ ‘ಆಫೀಸ್ ಕೆಲಸ’

ನನ್ನ ಗಂಡನ ಅಜ್ಜಿ ಮತ್ತು ಆ ಅಜ್ಜಿಯ ತಂಗಿ ಇಬ್ಬರೂ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮಹಿಳಾ ವಾಯುಪಡೆಯಲ್ಲಿದ್ದರು. ನಾನು ಮದುವೆಯಾಗಿ ನಾಟಿಂಗ್‌ಹ್ಯಾಮ್‌ಗೆ ಬರುವ ಹೊತ್ತಿಗೆ ಅಜ್ಜಿ ತೀರಿಕೊಂಡು ವರ್ಷಗಳೇ ಆಗಿದ್ದವು. ತಂಗಿ ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ ಎನ್ನುವುದೂ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಕ್ಕ ‘ಆಫೀಸ್ ಕೆಲಸ’ ಮಾಡಿದರಂತೆ, ತಂಗಿ ‘ವಿಮಾನ ಹಾರಿಸುತ್ತಿದ್ದರಂತೆ’. ಅಷ್ಟು ವರ್ಷಗಳ ದುಡಿಮೆಯ ಬಗ್ಗೆ ಮನೆಯಲ್ಲಿ ಉಳಿದಿದ್ದದ್ದು ಈ ಎರಡು ಮಾತು, ಮತ್ತು ಒಂದು ಫೋಟೋ. ನಮ್ಮನೆ ರೂಢಿಯಂತೆ ನಾನು ಅಕ್ಕನನ್ನು ದೊಡ್ಡಜ್ಜಿ ಎಂದೂ ತಂಗಿಯನ್ನು ಚಿಕ್ಕಜ್ಜಿ ಎಂದೂ ಕರೆಯುತ್ತೇನೆ. ಈಗ ನನ್ನ ಗಂಡನೂ ಹಾಗೇ ಕರೆಯುತ್ತಾರೆ.

ಸೊಸೆಯಾದ ನಿನಗೆ ಈ ಉಸಾಬರಿ ಯಾಕೆ ಎಂದು ಊರಿನಿಂದ ಫೋನ್ ಮಾಡಿದಾಗ ಅಮ್ಮ ಕೇಳಿದ್ದುಂಟು. ನನ್ನ ತವರು ಮೈಸೂರು. ನಮ್ಮಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ ಅದರಲ್ಲಿ ಉಂಗುರದಿಂದ ಬರೆಸುತ್ತಿದ್ದರು. ನನ್ನ ಸ್ವಂತ ಅಜ್ಜಿಯ ಹುಟ್ಟುಹೆಸರು ನನಗೆ ಗೊತ್ತಾದದ್ದು ಅವರ ವೈಕುಂಠ ಸಮಾರಾಧನೆಯ ದಿನ, ಅವರ ತಮ್ಮ ಆ ಹೆಸರು ಹಿಡಿದು ಅತ್ತಾಗ. ಅಲ್ಲಿಯವರೆಗೆ ಅಂಥದ್ದೊಂದು ಹೆಸರು ಅವರಿಗಿತ್ತು ಎಂದೇ ನಮಗೆ ಮೊಮ್ಮಕ್ಕಳಿಗೆ ಗೊತ್ತಿರಲಿಲ್ಲ. ಅತ್ತೆ ತಮ್ಮ ತಾಯಿಯ ಬಗ್ಗೆ ಕೈಚೆಲ್ಲಿ ಕೂತಾಗ ನನಗೆ ನೆನಪಾದದ್ದು ಅದೇ. ಹುಡುಕೋಣ ಅತ್ತೆ, ನಾನಿದ್ದೀನಿ ಎಂದೆ.

ಯಾವ ಪಡೆ ಎಂದು ಖಚಿತ ಮಾಡಿಕೊಳ್ಳುವುದು ಮೊದಲ ಕೆಲಸವಾಗಿತ್ತು. ಯುದ್ಧಕಾಲದ ಬ್ರಿಟನ್ನಿನಲ್ಲಿ ಸಮವಸ್ತ್ರ ತೊಟ್ಟ ಹೆಂಗಸರೆಲ್ಲ ಒಂದೇ ಕಡೆ ಇರಲಿಲ್ಲ. ಭೂಸೇನೆಗೆ ಎಟಿಎಸ್, ನೌಕಾಪಡೆಗೆ ರೆನ್ಸ್, ವಾಯುಪಡೆಗೆ ವಿಮೆನ್ಸ್ ಆಕ್ಸಿಲಿಯರಿ ಏರ್ ಫೋರ್ಸ್. ಈ ಮೂರನೆಯದನ್ನೇ ಇಲ್ಲಿನ ಜನ ಇಂದಿಗೂ ವ್ಯಾಫ್ ಎನ್ನುತ್ತಾರೆ. ವ್ಯಾಫ್ ಹುಟ್ಟಿದ್ದು 1939ರ ಜೂನ್ 28ರಂದು. ಯುದ್ಧ ಶುರುವಾದಾಗ ಅದರಲ್ಲಿದ್ದವರು ಎರಡು ಸಾವಿರಕ್ಕೂ ಕಡಿಮೆ. 1943ರಲ್ಲಿ ಆ ಸಂಖ್ಯೆ 1,80,000 ದಾಟಿತು. 1941ರ ಡಿಸೆಂಬರ್‌ನಲ್ಲಿ ಮದುವೆಯಾಗದ 20ರಿಂದ 30 ವರ್ಷದ ಹೆಂಗಸರನ್ನು ಕಡ್ಡಾಯ ಸೇವೆಗೆ ಕರೆಯುವ ಕಾನೂನು ಬಂತು. ಗಂಡಸರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಇವರಿಗೆ. ಅಡುಗೆ, ಡ್ರೈವಿಂಗ್, ಟೆಲಿಪ್ರಿಂಟರ್, ವೈರ್‌ಲೆಸ್, ರೇಡಾರ್, ಎಂಜಿನ್ ರಿಪೇರಿ, ಪ್ಯಾರಾಶೂಟ್ ಮಡಚುವುದು, ಎಲ್ಲವನ್ನೂ ಇವರು ಮಾಡಿದರು. ಆದರೆ ವ್ಯಾಫ್‌ನಲ್ಲಿ ಪೈಲಟ್‌ಗಳಿರಲಿಲ್ಲ. ಕಾರ್ಖಾನೆಯಿಂದ ವಾಯುನೆಲೆಗೆ ಹೊಸ ವಿಮಾನಗಳನ್ನು ಹಾರಿಸಿಕೊಂಡು ಹೋಗುತ್ತಿದ್ದ ಹೆಂಗಸರು ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಬೇರೆಯೇ ಸಂಸ್ಥೆಯವರು. ಹೆಸರಾಂತ ಪೈಲಟ್ ಆಮಿ ಜಾನ್ಸನ್ ಅಂಥ ಕೆಲಸದಲ್ಲಿದ್ದಾಗಲೇ 1941ರ ಜನವರಿಯಲ್ಲಿ ಥೇಮ್ಸ್ ಅಳಿವೆಯಲ್ಲಿ ಪ್ರಾಣ ಬಿಟ್ಟರು. ಎರಡೂ ಸಂಸ್ಥೆಗಳ ದಾಖಲೆಗಳಿರುವ ಜಾಗವೂ ಬೇರೆ. ಯಾವ ಪಡೆ ಎಂದು ತಿಳಿಯದೆ ಹುಡುಕಲು ಹೊರಟರೆ ತಿಂಗಳುಗಟ್ಟಲೆ ತಪ್ಪು ಕಪಾಟು ತೆಗೆಯುತ್ತಾ ಕೂರಬೇಕಾಗುತ್ತದೆ.

ಫೋಟೋ ಕಪ್ಪುಬಿಳುಪು, ಹಾಗಾಗಿ ಬಟ್ಟೆಯ ಬಣ್ಣ ನೋಡಿ ಹೇಳುವ ಹಾಗಿರಲಿಲ್ಲ. ಅದನ್ನು ಆದಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ಅಂಗುಲ ಅಂಗುಲವಾಗಿ ನೋಡಿದೆ. ಅಕ್ಕತಂಗಿಯರು ಇಟ್ಟಿಗೆ ಗೋಡೆಯ ಮುಂದೆ ತೋಳಿಗೆ ತೋಳು ಸೇರಿಸಿ ನಿಂತಿದ್ದಾರೆ. ಟೋಪಿಯ ಮುಂಭಾಗದಲ್ಲಿ ಎಲೆಗಳ ಮಾಲೆ, ಅದರೊಳಗೆ ಆರ್‌ಎಎಫ್ (ರಾಯಲ್ ಏರ್ ಫೋರ್ಸ್) ಎಂಬ ಮೂರಕ್ಷರ, ಮೇಲೊಂದು ಕಿರೀಟ. ಭುಜದಲ್ಲಿ ರೆಕ್ಕೆ ಹರಡಿದ ಹದ್ದು. ಇಬ್ಬರೂ ವ್ಯಾಫ್‌ನವರೇ. ಚಿಕ್ಕಜ್ಜಿ ಪೈಲಟ್ ಎಂಬ ಮಾತು ಅಲ್ಲಿಗೆ ಬಿಟ್ಟುಹೋಯಿತು. ದೊಡ್ಡಜ್ಜಿಯ ತೋಳಿನ ಮೇಲೆ ಇನ್ನೂ ಒಂದು ಗುರುತಿತ್ತು: ಎರಡು ರೆಕ್ಕೆಯ ಪ್ರೊಪೆಲರ್. ಅದು ಲೀಡಿಂಗ್ ಏರ್‌ಕ್ರಾಫ್ಟ್‌ವುಮನ್ ದರ್ಜೆಯ ಚಿಹ್ನೆ. ಅಂದರೆ ಈ ಫೋಟೋ ತೆಗೆದಾಗ ಅವರು ಹೊಸಬರಾಗಿರಲಿಲ್ಲ, ಪರೀಕ್ಷೆ ಕಟ್ಟಿ ಮೇಲೆ ಬಂದಿದ್ದರು. ಇದನ್ನು ಹೇಳಿದಾಗ ಅತ್ತೆ ಕನ್ನಡಕ ಏರಿಸಿಕೊಂಡು ಆ ಪ್ರೊಪೆಲರನ್ನು ತುಂಬ ಹೊತ್ತು ನೋಡಿದರು. ಎಪ್ಪತ್ತು ವರ್ಷದಿಂದ ಗೋಡೆಯ ಮೇಲಿದ್ದ ಫೋಟೋ ಅದು.

ಇಂಗ್ಲೆಂಡಿನಲ್ಲಿ ಆ ತಲೆಮಾರಿನ ಜನರನ್ನು ಹುಡುಕುವವರಿಗೆ ದೊಡ್ಡದೊಂದು ಕಂದಕ ಎದುರಾಗುತ್ತದೆ. 1921ರ ಜನಗಣತಿ ನೋಡಲು ಸಿಗುತ್ತದೆ. 1931ರದ್ದು 1942ರ ಡಿಸೆಂಬರ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಯುದ್ಧದ ಕಾರಣ 1941ರಲ್ಲಿ ಗಣತಿಯೇ ನಡೆಯಲಿಲ್ಲ. ನಡುವೆ ಕೈಹಿಡಿಯುವುದು 1939ರ ರಿಜಿಸ್ಟರ್ ಒಂದೇ. ಆ ವರ್ಷದ ಸೆಪ್ಟೆಂಬರ್ 29ರಂದು, ಯುದ್ಧ ಸಾರಿ ನಾಲ್ಕು ವಾರ ಕಳೆಯುವಷ್ಟರಲ್ಲಿ, ಗುರುತಿನ ಚೀಟಿ ಮತ್ತು ಪಡಿತರಕ್ಕಾಗಿ ಮನೆಮನೆಯ ಜನರನ್ನು ಬರೆದುಕೊಂಡ ಪುಸ್ತಕ ಅದು. ಹೆಂಗಸರನ್ನು ಹುಡುಕುವವರ ಪಾಲಿಗೆ ಇದಕ್ಕಿಂತ ಉಪಕಾರದ ದಾಖಲೆ ಇಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಯಾಕೆಂದರೆ ಆ ಪುಸ್ತಕವನ್ನು ಮುಚ್ಚಿಡಲಿಲ್ಲ. ಮುಂದೆ ಅದನ್ನು ಆರೋಗ್ಯ ಸೇವೆಯವರು ದಶಕಗಳ ಕಾಲ ಬಳಸಿದರು. ಯಾವ ಹುಡುಗಿಗೆ ಮದುವೆಯಾಯಿತೋ ಅವಳ ತವರಿನ ಉಪನಾಮಕ್ಕೆ ಗೀಟು ಹಾಕಿ ಮೇಲೆ ಗಂಡನ ಉಪನಾಮ ಬರೆಯುತ್ತಾ ಹೋದರು. ಎರಡು ಹೆಸರೂ ಒಂದೇ ಸಾಲಿನಲ್ಲಿ ಸಿಗುವ ಜಾಗ ಬೇರೆಲ್ಲೂ ಇಷ್ಟು ಸುಲಭವಾಗಿ ಇಲ್ಲ.

ದೊಡ್ಡಜ್ಜಿ ಅಲ್ಲಿ ಸಿಕ್ಕರು. ನಾಟಿಂಗ್‌ಹ್ಯಾಮ್‌ನ ತಂದೆಯ ಮನೆ, ಹುಟ್ಟಿದ ತಾರೀಕು, ಕೆಲಸ ಲೇಸ್ ಕಾರ್ಖಾನೆಯಲ್ಲಿ. ಹೆಸರಿನ ಮೇಲೆ ಬೇರೆ ಶಾಯಿಯಲ್ಲಿ ಅತ್ತೆಯ ತಂದೆಯ ಉಪನಾಮ. ಅದರ ಕೆಳಗಿನ ಸಾಲು ಮಾತ್ರ ಮುಚ್ಚಿತ್ತು. ಹುಟ್ಟಿ ನೂರು ವರ್ಷ ತುಂಬದ, ಸತ್ತ ದಾಖಲೆಯೂ ಸಿಗದವರ ಸಾಲುಗಳನ್ನು ತೋರಿಸುವುದಿಲ್ಲ. ಅದು ಚಿಕ್ಕಜ್ಜಿಯದೇ ಸಾಲು ಎಂದು ಮನಸ್ಸು ಹೇಳುತ್ತಿತ್ತು. ಇಂಗ್ಲೆಂಡಿನಲ್ಲಿ ಸತ್ತಿದ್ದರೆ ಸಾಲು ತೆರೆದಿರಬೇಕಿತ್ತಲ್ಲ ಎಂಬ ಯೋಚನೆ ಆಗಲೇ ಹೊಳೆಯಿತು. ಹಾಗಾದರೆ ದೇಶ ಬಿಟ್ಟು ಹೋದರೇ?

ಚಿಕ್ಕಜ್ಜಿಯನ್ನು ಸ್ವಲ್ಪ ಬದಿಗಿಟ್ಟು ದೊಡ್ಡಜ್ಜಿಯ ಸೇವಾ ದಾಖಲೆಗೆ ಅರ್ಜಿ ಹಾಕಿದೆವು. ಆ ಕಾಲದ ಸೈನಿಕರ ಕಡತಗಳು ಬಹುಕಾಲ ರಕ್ಷಣಾ ಸಚಿವಾಲಯದ ಬಳಿಯೇ ಇದ್ದವು. 2022ರಿಂದ ಅವುಗಳನ್ನು ಕಂತುಕಂತಾಗಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಸಾಗಿಸುತ್ತಿದ್ದಾರೆ. ಹಾಗಾಗಿ ಅರ್ಜಿ ಹಾಕುವ ಮುಂಚೆ ನಿಮ್ಮವರ ಕಡತ ಈಗ ಯಾರ ಬಳಿ ಇದೆ ಎಂದು ನೋಡಿಕೊಳ್ಳಬೇಕು. ನಮ್ಮದು ಸಚಿವಾಲಯದ ಬಳಿ ಇತ್ತು. ಬೇಕಾದದ್ದು ಡೆತ್ ಸರ್ಟಿಫಿಕೇಟ್, ಹತ್ತಿರದ ರಕ್ತಸಂಬಂಧಿಯ ಒಪ್ಪಿಗೆ, 30 ಪೌಂಡ್ ಶುಲ್ಕ, ಹುಟ್ಟಿದ ತಾರೀಕು, ಸೇವೆಯಲ್ಲಿದ್ದಾಗಿನ ಉಪನಾಮ. ಈ ಕೊನೆಯದನ್ನು ಒತ್ತಿ ಹೇಳುತ್ತೇನೆ. ಅತ್ತೆ ತಮ್ಮ ತಾಯಿಯನ್ನು ಜೀವಮಾನವಿಡೀ ಒಂದು ಹೆಸರಿನಿಂದ ತಿಳಿದಿದ್ದರು, ಆದರೆ ವಾಯುಪಡೆಗೆ ಸೇರಿದ ಹುಡುಗಿಯ ಹೆಸರು ಬೇರೆ. ಯುದ್ಧದ ನಡುವೆ ಮದುವೆಯಾದವರ ಕಡತ ಹೊಸ ಉಪನಾಮದಲ್ಲೂ ಇರಬಹುದು. ಎರಡೂ ಬರೆಯಿರಿ. ಸರ್ವಿಸ್ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಹೆಸರು ಎಷ್ಟು ಸಲ ಬದಲಾದರೂ ಆ ನಂಬರ್ ಬದಲಾಗುವುದಿಲ್ಲ. ಗೊತ್ತಿಲ್ಲದವರು ನ್ಯಾಷನಲ್ ಆರ್ಕೈವ್ಸ್‌ನ ಏರ್ 78 ಎಂಬ ಸೂಚಿಯಲ್ಲಿ ಹೆಸರು ಹಿಡಿದು ನಂಬರ್ ಹುಡುಕಬಹುದು.

ಕಾಯಬೇಕಾಯಿತು. ಕಾದದ್ದಕ್ಕೆ ಬಂದದ್ದು ಕೆಲವೇ ಹಾಳೆಗಳ ನಕಲು. ಕಿರಿದಾದ ಕಾಲಂಗಳು, ಒತ್ತಿ ಬರೆದ ಅಕ್ಷರ, ಸಾಲು ಸಾಲು ಸಂಕ್ಷೇಪಗಳು. ಮೊದಲ ಹಾಳೆಯಲ್ಲಿ ಎತ್ತರ, ಕೂದಲು, ಕಣ್ಣಿನ ಬಣ್ಣ, ಧರ್ಮ, ಹಿಂದಿನ ಕೆಲಸ.

‘ಐದಡಿ ಎರಡಂಗುಲ ಅಂತ ಬರೆದಿದ್ದಾರಲ್ಲಮ್ಮ. ನಮ್ಮಮ್ಮ ಅಷ್ಟು ಕುಳ್ಳಗಿದ್ದರಾ?’ ಎಂದರು ಅತ್ತೆ.

‘ನೀವು ಚಿಕ್ಕವರಿದ್ರಿ ಅತ್ತೆ, ಎತ್ತರ ಕಂಡಿರ್ತಾರೆ,’ ಎಂದೆ.

‘ನನಗೆ ಐವತ್ತಾದಾಗಲೂ ಎತ್ತರವೇ ಕಾಣ್ತಿದ್ರು.’

ಸೇರಿದ್ದು 1942ರ ಜನವರಿ, ಗ್ಲಾಸ್ಟರ್ ಹತ್ತಿರದ ಇನ್ಸ್‌ವರ್ತ್ ತರಬೇತಿ ಕೇಂದ್ರಕ್ಕೆ. ಅಲ್ಲಿಂದ ಲೇಟನ್ ಬಝಾರ್ಡ್‌ಗೆ. ಅಲ್ಲಿಂದ ವಾಯುಪಡೆಯ ಫೈಟರ್ ವಿಭಾಗದ 12ನೇ ಗ್ರೂಪಿನ ಮುಖ್ಯ ಕಚೇರಿಗೆ, ಆಮೇಲೆ ಯುದ್ಧ ಮುಗಿಯುವವರೆಗೂ ಅಲ್ಲೇ. ವೃತ್ತಿಯ ಕಾಲಂನಲ್ಲಿ ಕ್ಲರ್ಕ್ ಎಂದಿತ್ತು. ಅತ್ತೆ ನಿರಾಸೆಯಿಂದ ಅಲ್ಲ, ಒಂದು ಬಗೆಯ ಸಮಾಧಾನದಿಂದ ತಲೆಯಾಡಿಸಿದರು. ಅಮ್ಮ ಹೇಳಿದ್ದು ನಿಜವೇ ಆಗಿತ್ತು, ಆಫೀಸ್ ಕೆಲಸ. ಆದರೆ ಆ ಪದದ ಮುಂದೆ ಎಸ್ ಮತ್ತು ಡಿ ಎಂಬ ಎರಡಕ್ಷರ ಇದ್ದವು. ಸ್ಪೆಷಲ್ ಡ್ಯೂಟೀಸ್.

ಈ ಎರಡಕ್ಷರದ ಬೆನ್ನು ಹತ್ತಿದಾಗಲೇ ನನಗೆ ದೊಡ್ಡಜ್ಜಿ ಯಾರೆಂದು ತಿಳಿದದ್ದು. ಕರಾವಳಿಯುದ್ದಕ್ಕೂ ನಿಂತಿದ್ದ ರೇಡಾರ್ ಕಂಬಗಳು ಸಮುದ್ರದ ಮೇಲೆ ಬರುತ್ತಿದ್ದ ವಿಮಾನಗಳನ್ನು ಪತ್ತೆ ಹಚ್ಚುತ್ತಿದ್ದವು. ಒಂದೇ ವಿಮಾನದ ಗುಂಪನ್ನು ಎರಡು ಮೂರು ಕೇಂದ್ರಗಳು ಬೇರೆಬೇರೆ ದೂರದಲ್ಲಿ ಕಂಡು ಬೇರೆಬೇರೆ ಲೆಕ್ಕ ಹೇಳುತ್ತಿದ್ದವು. ಆ ವರದಿಗಳೆಲ್ಲ ಫೋನಿನ ಮೂಲಕ ಬಂದು ಬೀಳುತ್ತಿದ್ದ ಜಾಗ ಫಿಲ್ಟರ್ ರೂಮ್. ಮಧ್ಯದಲ್ಲಿ ಚೌಕಗಳ ನಕ್ಷೆ ಬರೆದ ದೊಡ್ಡ ಮೇಜು. ಸುತ್ತ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡ ಹುಡುಗಿಯರು, ಒಬ್ಬೊಬ್ಬರಿಗೆ ಒಂದೊಂದು ರೇಡಾರ್ ಕೇಂದ್ರ. ಕಿವಿಯಲ್ಲಿ ಅಂಕಿ ಬಿದ್ದ ತಕ್ಷಣ ಅದೇ ಜಾಗದಲ್ಲಿ ಬಿಲ್ಲೆ ಇಡಬೇಕು. ಅಷ್ಟರಲ್ಲಿ ಮುಂದಿನ ಅಂಕಿ ಬಂದಿರುತ್ತದೆ. ಪಕ್ಕದಲ್ಲಿ ನಿಂತ ಅಧಿಕಾರಿ ಆ ಬಿಲ್ಲೆಗಳ ರಾಶಿಯಿಂದ ನಿಜವಾದ ದಾರಿ ಯಾವುದು, ವಿಮಾನಗಳು ಎಷ್ಟು, ಎಷ್ಟು ಎತ್ತರ, ನಮ್ಮವರೋ ಶತ್ರುಗಳೋ ಎಂದು ತೀರ್ಮಾನಿಸಬೇಕು. ಮೇಲಿನ ಬಾಲ್ಕನಿಯಲ್ಲಿ ಕೂತವರು ಅದನ್ನು ಆಪರೇಷನ್ಸ್ ರೂಮ್‌ಗಳಿಗೆ ಹೇಳಬೇಕು. ಅಲ್ಲಿಂದ ಫೈಟರ್ ವಿಮಾನಗಳಿಗೆ ಆಜ್ಞೆ. ಮೊದಲು ಈ ಕೆಲಸವೆಲ್ಲ ಲಂಡನ್ ಬಳಿಯ ಸ್ಟಾನ್ಮೋರ್‌ನಲ್ಲಿ ನಡೆಯುತ್ತಿತ್ತು, ಆಮೇಲೆ ಗ್ರೂಪುಗಳಿಗೆ ಹಂಚಿದರು. ಮೇಜಿನ ಮೇಲೆ ಒಂದು ಬಿಲ್ಲೆ ಒಂದು ಚೌಕ ಆಚೆ ಬಿದ್ದರೂ ಆಕಾಶದಲ್ಲಿ ಹುಡುಗರು ಶತ್ರುವೇ ಇಲ್ಲದ ಕಡೆ ಹುಡುಕುತ್ತಿರುತ್ತಿದ್ದರು. ಬಿಲ್ಲೆ ಇಡುತ್ತಿದ್ದ ಆ ಹುಡುಗಿಯರ ವೃತ್ತಿಯನ್ನೇ ಕಡತದಲ್ಲಿ ಕ್ಲರ್ಕ್, ಎಸ್‌ಡಿ ಎಂದು ಬರೆದಿರುವುದು. ಲೇಟನ್ ಬಝಾರ್ಡ್‌ನಲ್ಲಿ ಕಲಿಸಿದ್ದೂ ಇದನ್ನೇ. ಹೊರಗೆ ಬಾಯಿ ಬಿಡುವುದಿಲ್ಲ ಎಂದು ಅಫೀಷಿಯಲ್ ಸೀಕ್ರೆಟ್ಸ್ ಕಾಯ್ದೆಯಡಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಸಹಿ ಹಾಕಿದವರು ಗಂಡನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

12ನೇ ಗ್ರೂಪಿನ ಮುಖ್ಯ ಕಚೇರಿ ಇದ್ದದ್ದು ವಾಟ್ನಾಲ್‌ನಲ್ಲಿ. ನಾಟಿಂಗ್‌ಹ್ಯಾಮ್‌ನ ಅಂಚಿನಲ್ಲಿರುವ, ಹಕ್ನಲ್ ಪಕ್ಕದ ಹಳ್ಳಿ ಅದು. ಇಲ್ಲಿನವರಿಗೆ ವಾಟ್ನಾಲ್ ಎಂದರೆ ಹವಾಮಾನ ಕೇಂದ್ರ; ನಾಟಿಂಗ್‌ಹ್ಯಾಮ್‌ನ ಮಳೆ, ಚಳಿಯ ಲೆಕ್ಕವೆಲ್ಲ ಅಲ್ಲಿಂದ ಬರುತ್ತದೆ. ನಮ್ಮ ಮನೆಯಿಂದ ಕಾರಿನಲ್ಲಿ ಹೊರಟರೆ ಒಂದು ಕಾಫಿ ಆರುವಷ್ಟರಲ್ಲಿ ತಲುಪಬಹುದು. ಅತ್ತೆ ತಮ್ಮ ಇಡೀ ಜೀವನ ಆ ರಸ್ತೆಯಲ್ಲಿ ಓಡಾಡಿದ್ದಾರೆ, ಎಷ್ಟೋ ಸಲ ತಾಯಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು. ನಾವು ಹೋದ ದಿನ ಗಾಳಿ ಜೋರಾಗಿತ್ತು. ಯುದ್ಧಕಾಲದ ಕಾಂಕ್ರೀಟ್ ಕಟ್ಟಡಗಳನ್ನು ದೂರದಿಂದ ನೋಡಿದೆವು, ಒಳಗೆ ಹೋಗುವಂತಿರಲಿಲ್ಲ. ‘ಇಲ್ಲೇ ಪಕ್ಕದಲ್ಲಿ ನಮ್ಮಮ್ಮ ಬ್ಲ್ಯಾಕ್‌ಬೆರಿ ಕೀಳೋಕೆ ಕರ್ಕೊಂಡು ಬರ್ತಿದ್ರು,’ ಎಂದರು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, ‘ಒಂದು ಮಾತು ಹೇಳ್ಬಹುದಿತ್ತು,’ ಎಂದರು. ಅವರ ದನಿಯಲ್ಲಿ ಕೋಪವೂ ಇತ್ತು. ಆ ಕೋಪ ನ್ಯಾಯವಾದದ್ದೇ ಎಂದು ನನಗೆ ಅನ್ನಿಸಿತು.

ಮೇಜು, ಬಿಲ್ಲೆ ಎಂದು ಓದಿದ್ದು ಕಣ್ಣಿಗೆ ಕಟ್ಟಲೆಂದು ಅತ್ತೆಯನ್ನು ಲಂಡನ್ನಿನ ಅಕ್ಸ್‌ಬ್ರಿಜ್‌ಗೆ ಕರೆದೊಯ್ದೆ. ಅಲ್ಲಿ 11ನೇ ಗ್ರೂಪಿನ ಆಪರೇಷನ್ಸ್ ರೂಮ್ ನೆಲದಡಿ 60 ಅಡಿ ಆಳದಲ್ಲಿ ಯುದ್ಧಕಾಲದಲ್ಲಿ ಇದ್ದ ಹಾಗೇ ಉಳಿದಿದೆ. ಫಿಲ್ಟರ್ ರೂಮ್‌ನಿಂದ ಹೊರಟ ಸುದ್ದಿ ಬಂದು ಮುಟ್ಟುತ್ತಿದ್ದ ಜಾಗ ಇಂಥದ್ದು. ಗೋಡೆಯ ಗಡಿಯಾರದ ಮುಖದಲ್ಲಿ ಐದೈದು ನಿಮಿಷಕ್ಕೊಂದು ಬಣ್ಣ: ಕೆಂಪು, ಹಳದಿ, ನೀಲಿ. ಗಡಿಯಾರದ ಮುಳ್ಳು ಯಾವ ಬಣ್ಣದ ಮೇಲಿದೆಯೋ ಆ ಬಣ್ಣದ ಗುರುತನ್ನೇ ಮೇಜಿನ ಮೇಲೆ ಇಡಬೇಕು. ಹಾಗೆ ಮಾಡಿದರೆ ಬಾಲ್ಕನಿಯಿಂದ ನೋಡುವವರಿಗೆ ಯಾವ ಸುದ್ದಿ ಹೊಸದು, ಯಾವುದು ಹಳಸಿದ್ದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಗುರುತುಗಳನ್ನು ಮೇಜಿನ ನಡುವಿಗೆ ತಳ್ಳುವ ಉದ್ದನೆಯ ಕೋಲುಗಳನ್ನೂ ಅಲ್ಲಿ ಇಟ್ಟಿದ್ದಾರೆ. ಅತ್ತೆಗೆ ಆ ಮೆಟ್ಟಿಲು ಇಳಿದು ಹತ್ತುವುದು ಸುಲಭವಾಗಿರಲಿಲ್ಲ, ಆದರೂ ಬಿಡಲಿಲ್ಲ.

ಮುಂದಿನ ಹೆಜ್ಜೆ ಕ್ಯೂ. ವಾಯುಪಡೆಯ ಪ್ರತಿ ಘಟಕವೂ ದಿನಚರಿಯಂತೆ ಬರೆದಿಟ್ಟ ಆಪರೇಷನ್ಸ್ ರೆಕಾರ್ಡ್ ಬುಕ್‌ಗಳು ಅಲ್ಲಿವೆ: ಗ್ರೂಪುಗಳದ್ದು ಏರ್ 25 ಸರಣಿಯಲ್ಲಿ, ಸ್ಕ್ವಾಡ್ರನ್‌ಗಳದ್ದು ಏರ್ 27ರಲ್ಲಿ, ವಾಯುನೆಲೆಗಳದ್ದು ಏರ್ 28ರಲ್ಲಿ. ಓದುಗರ ಚೀಟಿ ಮಾಡಿಸಬೇಕು, ಮುಂಚೆಯೇ ಕಡತ ಕಾದಿರಿಸಬೇಕು, ಪೆನ್ ಒಳಗೆ ಒಯ್ಯುವಂತಿಲ್ಲ, ಪೆನ್ಸಿಲ್ ಮಾತ್ರ. ಫೋಟೋ ತೆಗೆದುಕೊಳ್ಳಲು ದುಡ್ಡು ಕೊಡಬೇಕಿಲ್ಲ. 12ನೇ ಗ್ರೂಪಿನ ಪುಟಗಳನ್ನು ಮಗುಚುತ್ತಾ ಹೋದೆ. ಅಧಿಕಾರಿಗಳ ಬರುವಿಕೆ, ಹೋಗುವಿಕೆ, ಬಡ್ತಿ, ರಜೆ ಎಲ್ಲ ಹೆಸರು ಸಮೇತ ಇವೆ. ಸಾಮಾನ್ಯ ದರ್ಜೆಯ ವ್ಯಾಫ್ ಹುಡುಗಿಯರು ಒಟ್ಟು ಸಂಖ್ಯೆಯಾಗಿ ಮಾತ್ರ ಬರುತ್ತಾರೆ. ಇಂಥವರ ಹೆಸರು ಬರೆದಿಡಲು ಶೌರ್ಯ ಪದಕವೋ ಸಾವೋ ಬೇಕಾಗಿತ್ತು. 1940ರಲ್ಲಿ ಬಿಗಿನ್ ಹಿಲ್ ವಾಯುನೆಲೆಯ ಮೇಲೆ ಬಾಂಬ್ ಬೀಳುತ್ತಿದ್ದಾಗಲೂ ಜಾಗ ಬಿಡದೆ ಕೆಲಸ ಮಾಡಿದ ಜೋನ್ ಮಾರ್ಟಿಮರ್, ಎಲ್ಸ್‌ಪೆತ್ ಹೆಂಡರ್ಸನ್, ಹೆಲೆನ್ ಟರ್ನರ್ ಮಿಲಿಟರಿ ಮೆಡಲ್ ಪಡೆದರು, ಅವರ ಹೆಸರುಗಳು ಉಳಿದವು. ದೊಡ್ಡಜ್ಜಿಯ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಸಿಗಲಿಲ್ಲ. ಆದರೆ ಅವರ ಪಾಳಿಗಳು ಹೇಗಿದ್ದವು, ಯಾವ ರಾತ್ರಿ ಕೆಲಸ ಜೋರಾಗಿತ್ತು ಎಂದು ಅಂದಾಜು ಮಾಡುವಷ್ಟು ವಿವರ ಅದರಲ್ಲಿತ್ತು. ಸೇವಾ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಎರಡೂ ಸೇರಿ ಮಾತಾಡುತ್ತವೆ.

ಹೆಸರಿನ ಮಾತು ಬಂದಾಗ ಕನ್ನಡಿಗರಿಗೆ ಹತ್ತಿರದ ಇನ್ನೊಬ್ಬರನ್ನು ನೆನೆಯಲೇಬೇಕು. ನೂರ್ ಇನಾಯತ್ ಖಾನ್, ಟಿಪ್ಪು ಸುಲ್ತಾನನ ವಂಶದವರು, ಹುಟ್ಟಿದ್ದು 1914ರಲ್ಲಿ ಮಾಸ್ಕೋದಲ್ಲಿ. ಶ್ರೀರಂಗಪಟ್ಟಣದ ಪಕ್ಕದ ಊರಿನಲ್ಲಿ ಬೆಳೆದ ನನಗೆ ಶಾಲೆಯಲ್ಲಿ ಅವರ ಬಗ್ಗೆ ಯಾರೂ ಹೇಳಿರಲಿಲ್ಲ. ಅವರು 1940ರ ನವೆಂಬರ್‌ನಲ್ಲಿ ವ್ಯಾಫ್ ಸೇರಿ ವೈರ್‌ಲೆಸ್ ಕಲಿತರು. ಸೇರುವಾಗ ಬರೆಸಿದ ಹೆಸರು ನೋರಾ. ಆಮೇಲೆ ಗುಪ್ತಚರ ಸಂಸ್ಥೆ ಎಸ್‌ಒಇ ಅವರನ್ನು ಆಯ್ದುಕೊಂಡು ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ಗೆ ಕಳಿಸಿತು. ಅಲ್ಲಿ ಅವರ ಗುಪ್ತನಾಮ ಮ್ಯಾಡಲೀನ್. 1944ರ ಸೆಪ್ಟೆಂಬರ್‌ನಲ್ಲಿ ಡಾಖಾವ್ ಶಿಬಿರದಲ್ಲಿ ಅವರನ್ನು ಕೊಂದರು. 1949ರಲ್ಲಿ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟರು. ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಇದೆ. ಊರಿನಿಂದ ಬಂದ ನೆಂಟರನ್ನೆಲ್ಲ ನಾನು ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತೇನೆ. ಎಸ್‌ಒಇ ಸಿಬ್ಬಂದಿಯ ಕಡತಗಳು ಕ್ಯೂನಲ್ಲಿ ಎಚ್‌ಎಸ್ 9 ಸರಣಿಯಲ್ಲಿವೆ, ಅವರದೂ ಅಲ್ಲೇ ಇದೆ.

ಇನ್ನು ಚಿಕ್ಕಜ್ಜಿ. ಇಂಗ್ಲೆಂಡಿನ ಮದುವೆಗಳ ಸೂಚಿಯಲ್ಲಿ 1912ರಿಂದ ಈಚೆಗೆ ವಧುವಿನ ಹೆಸರಿನ ಎದುರು ವರನ ಉಪನಾಮವೂ ಇರುತ್ತದೆ. ನಾಟಿಂಗ್‌ಹ್ಯಾಮ್ ಜಿಲ್ಲೆಯಲ್ಲಿ ಅವರ ಮದುವೆ ಸಿಗಲಿಲ್ಲ. ಯುದ್ಧಕಾಲದಲ್ಲಿ ಹುಡುಗಿಯರು ತಾವಿದ್ದ ವಾಯುನೆಲೆಯ ಹತ್ತಿರವೇ ಮದುವೆಯಾಗುತ್ತಿದ್ದರು, ತವರಿಗೆ ಬರುವಷ್ಟು ರಜೆ ಸಿಗುತ್ತಿರಲಿಲ್ಲ. ಇಡೀ ದೇಶಕ್ಕೆ ಬಲೆ ಬೀಸಿದಾಗ ಅದೇ ಹೆಸರಿನವರು ಹಲವರು ಬಂದರು. ಯಾರ್ಕ್ ಕಡೆಯ ಒಂದು ಮದುವೆಯ ಸರ್ಟಿಫಿಕೇಟ್ ತರಿಸಿದೆ. ವಧುವಿನ ತಂದೆಯ ಹೆಸರು, ಕಸುಬು ಎರಡೂ ನಮ್ಮ ಮನೆಯದೇ. ವಧುವಿನ ಕೆಲಸದ ಕಾಲಂನಲ್ಲಿ ವ್ಯಾಫ್, ಪಕ್ಕದಲ್ಲಿ ಸರ್ವಿಸ್ ನಂಬರ್. ವಿಳಾಸ ಲಿಂಟನ್-ಆನ್-ಊಸ್ ವಾಯುನೆಲೆ. ವರ ರಾಯಲ್ ಕೆನಡಿಯನ್ ಏರ್ ಫೋರ್ಸ್‌ನವನು. ಯಾರ್ಕ್‌ಷೈರ್‌ನ ಆ ಭಾಗದ ನೆಲೆಗಳೆಲ್ಲ 1943ರಿಂದ ಕೆನಡಿಯನ್ನರ 6ನೇ ಗ್ರೂಪಿನ ಕೈಯಲ್ಲಿದ್ದವು. ರಿಜಿಸ್ಟರ್‌ನಲ್ಲಿ ಮುಚ್ಚಿದ ಸಾಲಿಗೆ ಕಾರಣ ಆಗ ಅರ್ಥವಾಯಿತು. ಬ್ರಿಟನ್ನಿನಲ್ಲಿ ಕೆನಡಿಯನ್ ಸೈನಿಕರನ್ನು ಮದುವೆಯಾಗಿ 1946ರಲ್ಲಿ ಹಡಗು ಹತ್ತಿದ ಸಾವಿರಾರು ಹೆಂಗಸರಲ್ಲಿ ಇವರೂ ಒಬ್ಬರು. ಆ ಹಡಗುಗಳು ಹೋಗಿ ಸೇರುತ್ತಿದ್ದದ್ದು ಹ್ಯಾಲಿಫ್ಯಾಕ್ಸ್ ಬಂದರಿನ ಪಿಯರ್ 21ಕ್ಕೆ; ಈಗ ಅದು ವಲಸೆ ಮ್ಯೂಸಿಯಂ.

ಗಂಡನ ಉಪನಾಮ ಸಿಕ್ಕ ಮೇಲೆ ಕೆನಡಾದ ಪತ್ರಿಕೆಯೊಂದರಲ್ಲಿ ಅವರ ನಿಧನವಾರ್ತೆ ಸಿಕ್ಕಿತು. ಮಕ್ಕಳ ಹೆಸರು ಅದರಲ್ಲೇ ಇದ್ದವು. ನಾನು ಅವರ ಮಗಳಿಗೆ ಕಾಗದ ಬರೆದೆ, ಇಮೇಲ್ ಅಲ್ಲ, ಕಾಗದ. ಹೀಗೆ ಧುತ್ತೆಂದು ಬರುವ ಸುದ್ದಿಯನ್ನು ಓದುವವರು ಕೈಯಲ್ಲಿ ಹಿಡಿದು ಯೋಚಿಸಲು ಅವಕಾಶ ಇರಲಿ ಎಂದು. ಫೋಟೋದ ಪ್ರತಿಯನ್ನೂ ಇಟ್ಟಿದ್ದೆ. ಅವರ ಮನೆಯಲ್ಲೂ ಅದೇ ಫೋಟೋ ಇತ್ತು. ಚಿಕ್ಕಜ್ಜಿಯ ತಂದೆಗೆ ಆ ಮದುವೆ ಹಿಡಿಸಿರಲಿಲ್ಲ, ಕಾಗದಗಳು ಕಡಿಮೆಯಾಗುತ್ತಾ ನಿಂತುಹೋದವು ಎಂದು ಆಕೆ ಬರೆದರು. ಅತ್ತೆ ಮತ್ತು ಆಕೆ, ಅಕ್ಕತಂಗಿಯರ ಮಕ್ಕಳು, ಮೊದಲ ಸಲ ವಿಡಿಯೋದಲ್ಲಿ ಮುಖ ನೋಡಿಕೊಂಡಾಗ ಇಬ್ಬರಿಗೂ ಏನು ಮಾತಾಡುವುದೆಂದು ತೋಚಲಿಲ್ಲ. ಆಮೇಲೆ ಶುರುವಾದ ಮಾತು ಈಗ ಪ್ರತಿ ಭಾನುವಾರ ನಡೆಯುತ್ತದೆ.

ಚಿಕ್ಕಜ್ಜಿ ತಮ್ಮ ಮಗಳಿಗೆ ಎಲ್ಲ ಹೇಳಿದ್ದರು. ಅವರು ಬಲೂನ್ ಆಪರೇಟರ್. ಶತ್ರು ವಿಮಾನಗಳು ತಗ್ಗಿನಲ್ಲಿ ಹಾರಿ ಬಾಂಬ್ ಹಾಕದಂತೆ ನಗರಗಳ ಮೇಲೆ ಹೈಡ್ರೋಜನ್ ತುಂಬಿದ ದೈತ್ಯ ಬಲೂನುಗಳನ್ನು ಉಕ್ಕಿನ ಹಗ್ಗ ಕಟ್ಟಿ ಬಿಡುತ್ತಿದ್ದರು. ಒಂದೊಂದೂ ಸುಮಾರು 19 ಮೀಟರ್ ಉದ್ದ, 5,000 ಅಡಿಯವರೆಗೆ ಏರುತ್ತಿತ್ತು. ತೀರಾ ಭಾರದ ಕೆಲಸ, ಹೆಂಗಸರಿಗೆ ಆಗದು ಎಂದು ಮೊದಲು ಹಿಂದೇಟು ಹಾಕಿದರಂತೆ; 1941ರಲ್ಲಿ ಪ್ರಯೋಗ ಮಾಡಿ ನೋಡಿ ಒಪ್ಪಿಕೊಂಡರು. ಹತ್ತು ಗಂಡಸರಿದ್ದ ಕಡೆ ಹದಿನಾರು ಹೆಂಗಸರನ್ನು ಹಾಕಿದರು. ಕಲಾವಿದೆ ಲಾರಾ ನೈಟ್ ಕೊವೆಂಟ್ರಿಯಲ್ಲಿ ಅಂಥ ತಂಡವೊಂದು ಬಲೂನು ಏರಿಸುವುದನ್ನು ಚಿತ್ರಿಸಿದ್ದಾರೆ, ಅದು ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಆ ಹುಡುಗಿಯರು ಹಗ್ಗ ಹಿಡಿದ ಭಂಗಿ ನೋಡಿದರೆ ಭಾರ ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಚಳಿಗಾಲದ ರಾತ್ರಿ ಗಾಳಿ ದಿಕ್ಕು ಬದಲಿಸಿದರೆ ಎದ್ದು ಬಲೂನಿನ ಮೂತಿಯನ್ನು ಗಾಳಿಗೆ ತಿರುಗಿಸಬೇಕು, ಹಗ್ಗ ಹೆಪ್ಪುಗಟ್ಟಿ ಕೈಗೆ ಅಂಟುತ್ತಿತ್ತು ಎಂದು ಅವರು ಮಗಳಿಗೆ ಹೇಳುತ್ತಿದ್ದರಂತೆ. ಅವರ ಬೆರಳಿನ ಮೇಲೆ ಅದರ ಗಾಯದ ಗುರುತು ಕೊನೆಯವರೆಗೂ ಇತ್ತು.

ಮಗಳ ಒಪ್ಪಿಗೆ, ಕೆನಡಾದ ಡೆತ್ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟಿನಲ್ಲಿ ಸಿಕ್ಕ ನಂಬರ್ ಎಲ್ಲ ಸೇರಿಸಿ ಹಾಕಿದ ಅರ್ಜಿಗೆ ಉತ್ತರ ಬೇಗ ಬಂತು. ಕಾರ್ಡಿಂಗ್ಟನ್‌ನಲ್ಲಿ ತರಬೇತಿ, ಅಲ್ಲಿಂದ ಷೆಫೀಲ್ಡ್‌ಗೆ, ಉಕ್ಕಿನ ಕಾರ್ಖಾನೆಗಳ ಊರಿಗೆ. 1944ರಲ್ಲಿ ಬಲೂನುಗಳ ಅಗತ್ಯ ಕಡಿಮೆಯಾದಾಗ ವೃತ್ತಿ ಬದಲಿಸಿ ಲಿಂಟನ್‌ನ ಪ್ಯಾರಾಶೂಟ್ ವಿಭಾಗಕ್ಕೆ. ಮದುವೆಯ ದಿನದ ಪಕ್ಕದಲ್ಲಿ ಹಳೆಯ ಉಪನಾಮಕ್ಕೆ ಗೀಟು, ಹೊಸದು ಮೇಲೆ. ನಂಬರ್ ಮಾತ್ರ ಅದೇ.

ಇಬ್ಬರ ಕಡತದಲ್ಲೂ ಪದಕ ಪಡೆದ ಗುರುತಿಲ್ಲ. ಯುದ್ಧ ಮುಗಿದ ಮೇಲೆ ಪದಕ ಬೇಕಾದವರು ತಾವೇ ಅರ್ಜಿ ಹಾಕಬೇಕಿತ್ತು. ಎಷ್ಟೋ ಹೆಂಗಸರು ಹಾಕಲೇ ಇಲ್ಲ. 28 ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆ ವಾರ್ ಮೆಡಲ್ ಸಲ್ಲುತ್ತದೆ, ದೇಶದೊಳಗೆ ಮೂರು ವರ್ಷ ಸೇವೆ ಮಾಡಿದವರಿಗೆ ಡಿಫೆನ್ಸ್ ಮೆಡಲ್. ತೀರಿಕೊಂಡವರ ಪರವಾಗಿ ಹತ್ತಿರದ ವಾರಸುದಾರರು ಈಗಲೂ ಕೇಳಬಹುದು. ಅತ್ತೆ ತಮ್ಮ ತಾಯಿಯದಕ್ಕೆ, ಕೆನಡಾದಲ್ಲಿರುವ ಚಿಕ್ಕಜ್ಜಿಯ ಮಗಳು ತಮ್ಮ ತಾಯಿಯದಕ್ಕೆ ಸಹಿ ಹಾಕಿ ಕಳಿಸಿದ್ದಾರೆ. ಷೆಫೀಲ್ಡ್‌ನ ಯಾವ ಮೈದಾನದಲ್ಲಿ ಚಿಕ್ಕಜ್ಜಿಯ ತಂಡ ಇತ್ತು ಎನ್ನುವುದು ಇನ್ನೂ ಬಾಕಿ. ಆ ಬಲೂನ್ ಸ್ಕ್ವಾಡ್ರನ್ನಿನ ಪುಸ್ತಕವನ್ನು ಕ್ಯೂನಲ್ಲಿ ಕಾದಿರಿಸಿದ್ದೇನೆ, ಮುಂದಿನ ತಿಂಗಳು ಹೋಗಿ ನೋಡಬೇಕು.